ಉಡೋದಕ್ಕಾ, ಕೊಡೋದಕ್ಕಾ?

ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಛತ್ರ ಬದಲಾಗಬಹುದು, ಅಡುಗೆಯವರು ಬದಲಾಗಬಹುದು, ಗ್ರಹಚಾರ ನೆಟ್ಟಗಿಲ್ಲದಿದ್ದರೆ ಗಂಡೇ ಬದಲಾಗಬಹುದು. ಜವಳಿ ತೆಗೆಯುವ ದಿನ ಮಾತ್ರ ಬದಲಾಗುವುದಿಲ್ಲ. ಅದಕ್ಕೆ ಪಂಚಾಂಗ ಒಂದು ಕಾರಣ, ರಜೆ ಇನ್ನೊಂದು. ಗುಬ್ಬಿ ಕಡೆಯ ಬೀಗರು, ಕುಣಿಗಲ್ಲಿನ ಸೋದರಮಾವ, ಪಾವಗಡಕ್ಕೆ ಕೊಟ್ಟಿರುವ ಸೋದರತ್ತೆ, ಪೀಣ್ಯದಲ್ಲಿ ಶಿಫ್ಟಿನ ಮೇಲೆ ದುಡಿಯುವ ಚಿಕ್ಕಪ್ಪ, ಇಷ್ಟೂ ಜನಕ್ಕೆ ಒಂದೇ ದಿನ ಬಿಡುವಾಗುವುದೆಂದರೆ ಗುರುಬಲ ಕೂಡಿ ಬಂದುದಕ್ಕಿಂತ ದೊಡ್ಡ ಯೋಗ. ಅಮಾವಾಸ್ಯೆ ತಪ್ಪಿಸಿ, ಮಂಗಳವಾರ ಬಿಟ್ಟು, ರಾಹುಕಾಲ ಕಳೆದು ಆ ದಿನವನ್ನು ಹಿಡಿದು ತಂದಿರುತ್ತಾರೆ. ಕೇಳದೇ ಬಿಟ್ಟದ್ದು ಮದುಮಗಳನ್ನೊಬ್ಬಳನ್ನೇ. ಅವಳಿಗೆ ಅವತ್ತು ಬೇರೆ ಏನು ಘನಕಾರ್ಯ ಇರುತ್ತದೆ?

ನನಗೆ ಇತ್ತು. ಕಾಲೇಜಿನಲ್ಲಿ ಪಾಠ ಹೇಳುವವಳು ನಾನು, ಆ ವಾರ ಹುಡುಗರ ಇಂಟರ್ನಲ್ಸ್ ಮಾರ್ಕ್ಸ್ ಕಳಿಸಬೇಕಿತ್ತು. ಅದನ್ನು ಹೇಳಿದ್ದಕ್ಕೆ ಅಮ್ಮ, "ಮಾರ್ಕ್ಸ್ ನಾಳೆ ಕೊಟ್ರೂ ಆಯ್ತದೆ, ಸೀರೆ ನಾಳೆ ಸಿಗಲ್ಲ" ಅಂದಳು. ತುಮಕೂರಿನಲ್ಲಿ ಸೀರೆ ಸಿಗದ ದಿನ ಯಾವುದಿದೆಯೋ ನನಗೆ ತಿಳಿಯದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮದುವೆಗೆ ನಾನು ಒಪ್ಪಿದ್ದೆ. ಹುಡುಗನನ್ನೂ ಒಪ್ಪಿದ್ದೆ. ಒಪ್ಪದೇ ಇದ್ದದ್ದು ಮದುಮಗಳಾಗುವುದನ್ನು. ಒಬ್ಬರೊಡನೆ ಬಾಳುವೆ ನಡೆಸುವುದು ಬೇರೆ. ಮುನ್ನೂರು ಜನರ ಎದುರಿಗೆ ಒಂದು ಕೇಜಿ ರೇಷ್ಮೆ, ಅರ್ಧ ಕೇಜಿ ಮಲ್ಲಿಗೆ ಹೊತ್ತು ಫೋಟೊದವನು ಹೇಳಿದ ಕಡೆಗೆ ಕತ್ತು ತಿರುಗಿಸುವುದು ಬೇರೆ. ಈ ವ್ಯತ್ಯಾಸವನ್ನು ಕೊತ್ತಗೆರೆಯಲ್ಲಿ ಯಾರಿಗೂ ತಿಳಿಸಲು ಆಗಲಿಲ್ಲ. ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ ನಮ್ಮೂರು. ಕೆರೆ ಇದೆ, ತೆಂಗು ಇದೆ, ರಾಗಿ ಇದೆ, ನಾಡಕಚೇರಿ ಇದೆ. ನನ್ನಂಥ ಗೊಂದಲಕ್ಕೆ ಅರ್ಜಿ ನಮೂನೆ ಇರುವ ಕಚೇರಿ ಮಾತ್ರ ಇಲ್ಲ.

ನನ್ನ ಬಳಿ ಬಾಣಗಳು ಇರಲಿಲ್ಲವೆಂದಲ್ಲ. ಮೊದಲು ಮಂತ್ರಮಾಂಗಲ್ಯ ಬಿಟ್ಟೆ. ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ 1966ರಲ್ಲಿ ಹಾಗೆ ಮಾಡಿಸಿದರು, ಆಡಂಬರ ಇಲ್ಲ, ವಾಲಗ ಇಲ್ಲ, ಸಾಲ ಇಲ್ಲ ಎಂದು ಅಪ್ಪನ ಎದುರು ಚಿಕ್ಕ ಭಾಷಣವನ್ನೇ ಮಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅವ್ರ ಮನೇಲಿ ಕುವೆಂಪು ಇದ್ರು. ನಮ್ಮನೇಲಿ ನಿಮ್ಮ ದೊಡ್ಡಪ್ಪ ಇದಾನೆ" ಅಂದರು. ವಾದ ಅಲ್ಲಿಗೆ ಮುಗಿಯಿತು. ಆಮೇಲೆ ರಿಜಿಸ್ಟರ್ ಮದುವೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮೂವತ್ತು ದಿನ ಮೊದಲೇ ನೋಟೀಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ ಎಂದು ವಿವರಿಸುತ್ತಿದ್ದ ಹಾಗೇ ಅಜ್ಜಿ ಎದ್ದು ಕೂತಳು. "ಗೋಡೆಗೆ ಹೆಸ್ರು ಅಂಟಿಸ್ತಾರಾ? ಸೊಸೈಟಿ ಸಾಲ ಕಟ್ದೇ ಇರೋರ ಹೆಸ್ರು ಅಂಟಿಸ್ತಾರೆ ಕಣವ್ವ. ನಾವೇನು ಅಂಗಾಗಿದ್ದೀವಾ?" ಧರ್ಮಸ್ಥಳದ ಸಾಮೂಹಿಕ ವಿವಾಹದ ಮಾತನ್ನೂ ಎತ್ತಿದೆ. 1972ರಿಂದ ನಡೆದುಕೊಂಡು ಬಂದಿದೆ, ಹುಡುಗಿಗೆ ಸೀರೆ ರವಿಕೆ ಕಣ, ಹುಡುಗನಿಗೆ ಪಂಚೆ ಶಲ್ಯ, ಮಾಂಗಲ್ಯ, ಎಲ್ಲಾ ಕ್ಷೇತ್ರದಿಂದಲೇ ಕೊಡುತ್ತಾರೆ. ಇಂಥ ಮದುವೆ ಇಷ್ಟು ವರ್ಷ ನಡೆದಿರುವುದಕ್ಕೆ ದೊಡ್ಡ ದೊಡ್ಡ ಕಾರಣಗಳಿವೆ. ನನ್ನ ಕಣ್ಣಿಗೆ ಬಿದ್ದದ್ದು ಸಣ್ಣದು. ಅಲ್ಲಿ ಸೀರೆ ಆರಿಸುವ ಕೆಲಸವೇ ಇಲ್ಲ! ಅಮ್ಮ ಅದಕ್ಕೆ ಬಾಯಿಂದ ಉತ್ತರ ಕೊಡಲಿಲ್ಲ. ಮುದ್ದೆ ಕೋಲನ್ನು ಸ್ವಲ್ಪ ಜೋರಾಗಿ ತಿರುವಿದಳು.

ಅಲ್ಲಿಂದ ಮುಂದೆ ನನ್ನ ಮುಖ ಗಂಟಿಕ್ಕಿಕೊಂಡೇ ಇತ್ತು. ಮದುಮಗಳ ಗಂಟುಮುಖಕ್ಕೆ ನಮ್ಮ ಜನ ಕೊಡುವ ಅರ್ಥಗಳನ್ನು ಕೇಳಿದರೆ ನಗು ಬರುತ್ತದೆ. ಪಕ್ಕದ ಮನೆಯವರು ನಾಚಿಕೆ ಅಂದರು. ಚಿಕ್ಕಮ್ಮ, ತೌರು ಬಿಡೋ ಸಂಕಟ ಅಂದಳು. ಗುಬ್ಬಿ ಕಡೆಯವರು, "ಹುಡುಗಿ ಗಂಭೀರ, ನಮ್ ಮನೆಗೆ ಒಪ್ಪುತ್ತೆ" ಅಂದುಕೊಂಡರಂತೆ. ದೃಷ್ಟಿಯಾಗಿರಬೇಕೆಂದು ಅಜ್ಜಿ ಮೆಣಸಿನಕಾಯಿ ಸುಟ್ಟಳು. ಹುಡುಗಿಗೆ ಬರಿಯ ಬೇಜಾರು ಆಗಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಗಂಡು ಮುಖ ಗಂಟಿಕ್ಕಿಕೊಂಡಿದ್ದರೆ ಅಷ್ಟೊತ್ತಿಗೆ ನಾಲ್ಕು ಜನ ಹಿರಿಯರು ಜಗಲಿ ಮೇಲೆ ಕೂತು, ಏನಪ್ಪಾ ವಿಚಾರ ಎಂದು ಕೇಳಿರುತ್ತಿದ್ದರು.

ಇನ್ನು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. ಸೋದರಮಾವನಿಗೆ ಕುಣಿಗಲ್ಲೇ ಸಾಕು. ಅಂಗಡಿಯವರು ಪರಿಚಯ, ಉದ್ದರಿ ಸಿಗುತ್ತದೆ. ಚಿಕ್ಕಪ್ಪನಿಗೆ ಬೆಂಗಳೂರಿನ ಚಿಕ್ಕಪೇಟೆಯೇ ಆಗಬೇಕು. ಪಾವಗಡದ ಅತ್ತೆ, ಮೂರು ಕಡೆ ಆಂಧ್ರ ಸುತ್ತಿಕೊಂಡ ಊರಿನವಳಾದ್ದರಿಂದ, "ಧರ್ಮಾವರಕ್ಕೆ ಹೋಗನ, ಮಗ್ಗದ ಬುಡದಲ್ಲೇ ತಗಳನ" ಎಂದು ಹಟ ಹಿಡಿದಳು. ಮೈಸೂರು ಸಿಲ್ಕ್ ಆಗಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಶುರುವಾದ ಕಾರ್ಖಾನೆಯದು. ಉಟ್ಟರೆ ಮೈಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ನಯ, ಸೀರೆ ಸೀರೆಗೂ ನಂಬರು ಬೇರೆ ಹಾಕಿರುತ್ತಾರೆ. ಅದಕ್ಕೆ ಬಂದ ಉತ್ತರ: "ಮೈಸೂರು ಸಿಲ್ಕ್ ಉಟ್ಕಂಡು ಬೇರೆಯೋರ ಮದುವೆಗೆ ಹೋಗ್ತಾರೆ. ತನ್ನ ಮದುವೆಗೆ ಕಂಚಿ."

ಆ ಹೊತ್ತಿಗೆ ಆಷಾಢ ಬಂತು. ಆಷಾಢವೆಂದರೆ ಮದುವೆ ಇಲ್ಲ. ಮದುವೆ ಇಲ್ಲವಾದ್ದರಿಂದ ವ್ಯಾಪಾರ ಇಲ್ಲ. ವ್ಯಾಪಾರ ಇಲ್ಲವಾದ್ದರಿಂದ ಡಿಸ್ಕೌಂಟ್ ಇದೆ. ಕರ್ನಾಟಕದ ಜವಳಿ ಅಂಗಡಿಗಳ ಇಡೀ ವರ್ಷದ ಲೆಕ್ಕಾಚಾರ ಈ ಒಂದು ತಿಂಗಳ ಮೇಲೆ ನಿಂತಿದೆಯೇನೋ ಅನ್ನುವ ಹಾಗೆ ಬ್ಯಾನರು ಕಟ್ಟುತ್ತಾರೆ. ಅಪ್ಪನ ಕಣ್ಣು ಡಿಸ್ಕೌಂಟಿನ ಮೇಲೆ, ಅಮ್ಮನ ಕಣ್ಣು ಮಾಸದ ಮೇಲೆ. ಆಷಾಢದಲ್ಲಿ ಧಾರೆ ಸೀರೆ ತೆಗೆಯುವುದುಂಟೇ? ಎರಡು ಮನೆಯ ಹಿರಿಯರು ಫೋನಿನಲ್ಲಿ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದರು: ಕೊಡುವ ಸೀರೆಗಳನ್ನೆಲ್ಲ ಆಷಾಢದಲ್ಲೇ ತೆಗೆದುಬಿಡುವುದು, ಧಾರೆ ಸೀರೆ ಮಾತ್ರ ಶ್ರಾವಣದಲ್ಲಿ. ಶಾಸ್ತ್ರವೂ ಉಳಿಯಿತು, ದುಡ್ಡೂ ಉಳಿಯಿತು. ನಮ್ಮ ಜನರನ್ನು ಮೂಢರು ಅನ್ನುವವರು ಈ ತೀರ್ಮಾನವನ್ನು ಒಂದು ಸಲ ಓದಿಕೊಳ್ಳಬೇಕು.

ಕೊಡುವ ಸೀರೆ ಎಂದೆನಲ್ಲ, ಅದರದೇ ಒಂದು ಲೋಕ. ಯಾವ ಅಂಗಡಿಗೆ ಹೋದರೂ ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತ ಕೂಡಲೇ ಮೊದಲು ಕೇಳುವ ಪ್ರಶ್ನೆ, "ಉಡೋದಕ್ಕಾ ಅಕ್ಕ, ಕೊಡೋದಕ್ಕಾ?" ಉಡೋದಕ್ಕೆ ಅಂದರೆ ಒಂದು ಕಡೆಯ ಬೀರು ತೆಗೆಯುತ್ತಾರೆ, ಕೊಡೋದಕ್ಕೆ ಅಂದರೆ ಗಂಟು ಬಿಚ್ಚುತ್ತಾರೆ. ಕೊಡುವ ಸೀರೆಯನ್ನು ಯಾರೂ ಬಿಡಿಸಿ ನೋಡುವುದಿಲ್ಲ, ಬೆಲೆಯ ಚೀಟಿ ನೋಡುತ್ತಾರೆ. ಅದು ಇಲ್ಲಿಂದ ಹೊರಟು ಅತ್ತಿಗೆಯ ಮನೆ ಸೇರಿ, ಅಲ್ಲಿಂದ ಗೃಹಪ್ರವೇಶಕ್ಕೆ ಹೋಗಿ, ಸೀಮಂತಕ್ಕೆ ಬಂದು, ಮಡಿಕೆ ಕೂಡ ಬಿಚ್ಚದ ಹಾಗೆ ಮುಯ್ಯಿಯಲ್ಲಿ ಸುತ್ತುತ್ತಾ ಇರುತ್ತದೆ. ನಮ್ಮನೆಯಿಂದ ಹೋದ ಒಂದು ನೇರಳೆ ಬಣ್ಣದ ಸೀರೆ ಕೆಲವು ವರ್ಷ ತಿರುಗಿ ಅಮ್ಮನ ಮಡಿಲಿಗೇ ವಾಪಸು ಬಂದದ್ದುಂಟು. ಅಮ್ಮ ಗುರುತು ಹಿಡಿದಳು. ತೋರಿಸಿಕೊಳ್ಳಲಿಲ್ಲ. ಮುಂದಿನ ವಾರ ಮತ್ತೊಬ್ಬರಿಗೆ ಕೊಟ್ಟಳು.

ಶ್ರಾವಣದಲ್ಲಿ ಧಾರೆ ಸೀರೆಗೆಂದು ಎರಡು ಟೆಂಪೋ ಟ್ರಾವೆಲರು ಹೊರಟವು, ಕೊತ್ತಗೆರೆಯಿಂದ ಒಂದು, ಗುಬ್ಬಿ ಕಡೆಯಿಂದ ಒಂದು. ಎರಡಕ್ಕೂ ನಡುವಿನ ಊರೆಂದು ತುಮಕೂರು ಗೊತ್ತಾಗಿತ್ತು. ನಮ್ಮಲ್ಲಿ ಧಾರೆ ಸೀರೆ ಗಂಡಿನ ಮನೆಯವರದು, ಗಂಡಿನ ಬಟ್ಟೆ ಹೆಣ್ಣಿನ ಮನೆಯವರದು. ಅಂದರೆ ದುಡ್ಡು ಕೊಡುವವರು ಒಬ್ಬರು, ಉಡುವವರು ಒಬ್ಬರು, ಆರಿಸುವವರು ಉಳಿದವರೆಲ್ಲ. ಸೇಲ್ಸ್‌ನವನು ಪದ್ಧತಿಯಂತೆ ಕೇಳಿದ, ಉಡೋದಕ್ಕಾ ಕೊಡೋದಕ್ಕಾ? ನನ್ನ ಅತ್ತೆಯಾಗಲಿದ್ದವರು "ಕೊಡೋದಕ್ಕೆ" ಅಂದರು, ನನ್ನ ಅಮ್ಮ ಅದೇ ಉಸಿರಿನಲ್ಲಿ "ಉಡೋದಕ್ಕೆ" ಅಂದಳು. ಪಾಪ, ಅವನು ಬೀರೂ ತೆಗೆದ, ಗಂಟೂ ಬಿಚ್ಚಿದ.

ಮುಂದಿನ ಒಂದು ಗಂಟೆ ಬಣ್ಣಗಳ ಜಗಳ. ಅತ್ತೆಯವರ ಮನೆಯಲ್ಲಿ ಹಾಲುಬಣ್ಣದ ಒಡಲು, ಕೆಂಪು ಅಂಚು. ಚಿಕ್ಕಮ್ಮನಿಗೆ ಬಿಳಿ ಕಂಡರೆ ಆಗದು, ಅರಿಶಿನವೇ ಆಗಬೇಕು. ಚಿಕ್ಕಪ್ಪನ ಮಗಳು ಮೊಬೈಲು ಹಿಡಿದು, 2017ರಲ್ಲಿ ಅನುಷ್ಕಾ ಶರ್ಮಾ ಇಟಲಿಯಲ್ಲಿ ಉಟ್ಟ ತಿಳಿಗುಲಾಬಿ ಲೆಹಂಗಾದಿಂದ ಶುರು ಮಾಡಿ ಮಾಸಲು ಮಾಸಲಾದ ಬಣ್ಣಗಳನ್ನೇ ತೋರಿಸುತ್ತಾ ಹೋದಳು. "ತೊಳೆದು ತೊಳೆದು ಇಂಗಾಗದಾ?" ಎಂದು ಅಜ್ಜಿ ಕೇಳಿದಳು. ಮದುವೆ ಹೆಣ್ಣಿಗೆ ಇಂಥದೇ ಬಣ್ಣ ಎಂಬ ಹಟ ನಮ್ಮೊಬ್ಬರದೇ ಅಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಗೌನು ತೊಟ್ಟು ಮದುವೆಯಾದದ್ದೇ ತಡ, ಅರ್ಧ ಜಗತ್ತಿನ ಮದುಮಗಳಂದಿರು ಬಿಳಿಗೆ ಬಿದ್ದರು. ಮಂಗಳೂರಿನ ಕ್ಯಾಥೊಲಿಕರು ಇನ್ನೂ ಜಾಣರು. ಚರ್ಚಿಗೆ ಬಿಳಿ, ಆಮೇಲೆ ಗಂಡಿನ ಮನೆಯವರು ಕೊಟ್ಟ ಸಾಡೊ ಎಂಬ ಕೆಂಪು ಸೀರೆ. ರೋಮಿಗೂ ಸಮಾಧಾನ, ಅಜ್ಜಿಗೂ ಸಮಾಧಾನ. ಕೊಡಗಿನವರಂತೂ ಕೆಂಪು ಸೀರೆಗೆ ನೆರಿಗೆಯನ್ನೇ ಬೆನ್ನ ಹಿಂದಕ್ಕೆ ಕಳಿಸಿ ನಿಶ್ಚಿಂತೆಯಾಗಿದ್ದಾರೆ.

ಈ ನಡುವೆ ಗಂಡಸರು ಒಂದು ಮೂಲೆಯಲ್ಲಿ ಬಾದಾಮಿ ಹಾಲು ಕುಡಿಯುತ್ತಾ ಕೂತಿದ್ದರು. ಅಲ್ಲಿಂದ ದನಿ ಏರಿದ್ದು ಕೇಳಿಸಿತು. ಸೀರೆಯ ರೇಟಿಗೇ ಇರಬೇಕೆಂದು ಅಮ್ಮನ ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಹೇಮಾವತಿ! ಗುಬ್ಬಿಯವರಿಗೂ ಕುಣಿಗಲ್ಲಿನವರಿಗೂ ಬೀಗತನ ಬೆಳೆಸುವಾಗ ಜಾತಕದ ಜೊತೆಗೆ ಕಾಲುವೆಯ ನಕ್ಷೆಯನ್ನೂ ಇಟ್ಟು ನೋಡಬೇಕು. ಗೊರೂರಿನಿಂದ ಬರುವ ನೀರು ನಮಗೆ ಸರಿಯಾಗಿ ತಲುಪುತ್ತಿಲ್ಲ ಎಂಬುದು ಕುಣಿಗಲ್ಲಿನವರ ಹಳೆಯ ಗೋಳು. ಅದಕ್ಕೆಂದು ಎಕ್ಸ್‌ಪ್ರೆಸ್ ಕೆನಾಲ್ ಮಾಡಿ ನೇರ ಒಯ್ದರೆ ನಮ್ಮ ಪಾಲಿಗೆ ಏನುಳಿಯುತ್ತದೆ ಎಂಬುದು ಗುಬ್ಬಿಯವರ ಸಿಟ್ಟು; 2025ರಲ್ಲಿ ಅಲ್ಲಿ ದೊಡ್ಡ ಹೋರಾಟವೇ ನಡೆಯಿತು. "ನಿಮ್ ಕಡೆಯೋರು ಪೈಪ್ ಹಾಕಿ ಎಳ್ಕಂಡೋದ್ರೆ ನಾವೇನು ಮಾಡನ ಬೀಗ್ರೇ?" ಎಂದು ನನ್ನ ಮಾವನಾಗಲಿದ್ದವರು. "ನೀವು ಕುಡಿದು ಮಿಕ್ಕಿದ್ದು ತಾನೇ ನಮಗೆ ಬರಾದು ಬೀಗ್ರೇ?" ಎಂದು ಅಪ್ಪ. ಬೀಗರೇ ಬೀಗರೇ ಎಂದು ಅಷ್ಟು ಮರ್ಯಾದೆಯಿಂದ ಜಗಳ ಆಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಂಗಡಿಯ ಯಜಮಾನರು ಇಬ್ಬರಿಗೂ ಇನ್ನೊಂದೊಂದು ಲೋಟ ಬಾದಾಮಿ ಹಾಲು ತರಿಸಿದರು. ನನಗಂತೂ ಆ ಅಂಗಡಿಯಲ್ಲಿ ನಡೆದ ಮಾತುಕತೆಯಲ್ಲಿ ಅರ್ಥವಿದ್ದದ್ದು ಇದೊಂದೇ ಅನ್ನಿಸಿತು. ಅಲ್ಲೇ ಹೋಗಿ ಕೂರುವ ಮನಸ್ಸಿತ್ತು, ಕೈ ಹಿಡಿದು ಎಳೆದು ತಂದರು.

ಅಷ್ಟು ಹೊತ್ತಿಗೆ ಸೇಲ್ಸ್‌ನವನು ಕಂಚಿಯ ವರ್ಣನೆಗೆ ತೊಡಗಿದ್ದ. ಒಡಲು ಬೇರೆ ಬಣ್ಣ, ಅಂಚು ಬೇರೆ ಬಣ್ಣ ಇರುವ ಸೀರೆಗೆ ಮೂರು ಲಾಳಿ ಆಡಿಸಬೇಕು, ಸೆರಗನ್ನು ಬೇರೆ ಹಾಸಿಗೆ ಸೇರಿಸಿ ನೇಯಬೇಕು, ಜರಿ ಸೂರತ್ತಿನಿಂದ ಬರಬೇಕು, ಇತ್ಯಾದಿ. ಪಾವಗಡದ ಅತ್ತೆ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಸೆರಗಿನ ತುದಿಯಿಂದ ಒಂದು ಎಳೆ ಕೇಳಿ, ಕಡ್ಡಿ ಗೀರಿ ಸುಟ್ಟು, ಮೂಗಿಗೆ ಹಿಡಿದಳು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗುಂಡಾಗಿ ಗಟ್ಟಿಯಾದರೆ ನೈಲಾನು ಪಾಲಿಸ್ಟರು. 2004ರಿಂದ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಬಂದಿದೆ, ಇದರಲ್ಲೂ ಇದೆ ನೋಡಿ ಎಂದು ಅವನು ತೋರಿಸಿದ. "ಚೀಟಿ ನೀವು ಅಂಟಿಸಿದ್ದು, ವಾಸನೆ ದೇವ್ರು ಅಂಟಿಸಿದ್ದು" ಅಂದಳು ಅತ್ತೆ.

ಕಂಚಿಯ ಹೊಗಳಿಕೆ ಕೇಳಿ ಕೇಳಿ ಅಪ್ಪನಿಗೆ ರೇಗಿತು. ಆ ರೇಗಿನಲ್ಲಿ ನ್ಯಾಯವೂ ಇತ್ತು. ಮಾಗಡಿ, ಸೋಲೂರು, ನಮ್ಮ ಕುಣಿಗಲ್ ಸೀಮೆಯೆಲ್ಲ ಮೈಸೂರು ತಳಿ ರೇಷ್ಮೆಯ ಬಿತ್ತನೆ ಪ್ರದೇಶ. ಇಲ್ಲಿ ಬೆಳೆಯುವುದು ಬೀಜದ ಗೂಡು. ಹಸಿರು ಬೆರೆತ ಹಳದಿ ಬಣ್ಣ, ಎರಡೂ ತುದಿ ಚೂಪು. ನಮ್ಮ ಮನೆಯಲ್ಲೂ ಹಿಪ್ಪುನೇರಳೆ ಇದ್ದ ಕಾಲದಲ್ಲಿ ಹುಳ ಸಾಕುತ್ತಿದ್ದರು. ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ಲೆಕ್ಕ ಹಾಕುತ್ತಾ, ನಾಲ್ಕನೆಯದು ಎದ್ದ ಮೇಲೆ ಮನೆಮಂದಿಯೆಲ್ಲ ನಿದ್ದೆಗೆಟ್ಟು, ಹಣ್ಣುಹುಳವನ್ನು ಚಂದ್ರಿಕೆಗೆ ಬಿಡುವವರೆಗೂ ಮನೆಗೆ ನೆಂಟರನ್ನೂ ಸೇರಿಸುತ್ತಿರಲಿಲ್ಲ. ಈ ಬೀಜದ ಗೂಡನ್ನು ಬೇಯಿಸಿ ನೂಲು ತೆಗೆಯುವುದಿಲ್ಲ. ಬಿತ್ತನೆ ಕೋಠಿಯಲ್ಲಿ ಇದರ ಹೆಣ್ಣು ಚಿಟ್ಟೆಗೆ ಬೇರೆ ತಳಿಯ ಗಂಡು ಚಿಟ್ಟೆಯನ್ನು ಜೋಡಿ ಬಿಡುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ಬಿಡಿಸುತ್ತಾರೆ. ಹೆಣ್ಣು ಮೊಟ್ಟೆ ಇಡುತ್ತದೆ. ಆ ಮಿಶ್ರತಳಿ ಮೊಟ್ಟೆ ನಾಡಿನ ರೈತರಿಗೆ ಹೋಗಿ, ಹುಳವಾಗಿ, ಗೂಡಾಗಿ, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ, ನೂಲಾಗಿ ಮಗ್ಗದ ಊರುಗಳಿಗೆ ಹೊರಡುತ್ತದೆ. "ಆ ಕಂಚಿಯೋನಿಗೆ ನೂಲು ಎಲ್ಲಿಂದ ಹೋಯ್ತು ಕೇಳಪ್ಪಾ" ಎಂದು ಅಪ್ಪ ಸೇಲ್ಸ್‌ನವನನ್ನು ಕೇಳಿದರು. "ಈ ಸೀರೆ ತಾಯಿ ಕಡೆ ಅಜ್ಜಿ ನಮ್ ತಾಲ್ಲೂಕಿನೋಳು." ಅವನು ಅಷ್ಟಕ್ಕೂ ಡಿಸ್ಕೌಂಟ್ ಕೊಡಲಿಲ್ಲ.

ನನ್ನ ತಲೆಯಲ್ಲಿ ಆ ಚಿಟ್ಟೆ ಉಳಿದುಕೊಂಡಿತು. ಅದಕ್ಕೆ ಬಾಯಿಲ್ಲ, ಉಣ್ಣುವುದಿಲ್ಲ, ಹಾರುವುದಿಲ್ಲ. ಜೋಡಿ ನೋಡುವವರು ಬೇರೆಯವರು, ಬಿಡಿಸುವವರು ಬೇರೆಯವರು. ಆದರೂ ಬೀಜದ ಗೂಡಿನ ಹೆಣ್ಣಿಗೆ ಒಂದು ಭಾಗ್ಯವಿದೆ, ಗೂಡು ತೂತು ಮಾಡಿಕೊಂಡು ತಾನೇ ಹೊರಗೆ ಬರುತ್ತದೆ. ನೂಲಿನ ಗೂಡಿನೊಳಗಿನದಕ್ಕೆ ಅದೂ ಇಲ್ಲ, ಕುದಿಯುವ ನೀರೇ ಗತಿ. ಒಂದು ಸೀರೆಗೆ ಇಂಥವು ಸಾವಿರಾರು ಬೇಕು. ಕಂಚಿಯ ಪರಮಾಚಾರ್ಯರೇ ರೇಷ್ಮೆ ಬೇಡವೆಂದು ಹೇಳುತ್ತಿದ್ದರು, ಅದೂ ಕಂಚಿಯಲ್ಲಿ ಕೂತು! ನಾನು ಇದನ್ನೆಲ್ಲ ಅತ್ತೆಯವರಿಗೆ ಹೇಳಿ ಹತ್ತಿ ಸೀರೆಗೆ ದಾರಿ ಮಾಡಿಕೊಳ್ಳಲು ನೋಡಿದೆ. ಅವರು ಮರುಗಿದರು. "ಪಾಪ ಕಣಮ್ಮ" ಅಂದರು. ಹಾಗೇ ಕೈ ಚಾಚಿ, "ಆ ಮರೂನ್ ಅಂಚಿಂದು ತೆಗೀರಪ್ಪ" ಅಂದರು.

ಅಜ್ಜಿ ಇಷ್ಟರಲ್ಲಿ ಗೋಡೆಗೆ ಒರಗಿ ತೂಕಡಿಸಿ ಎದ್ದಿದ್ದಳು. ಅವಳ ಕಾಲದಲ್ಲಿ ಜವಳಿ ತರಲು ಗಂಡಸರೇ ಹೋಗುತ್ತಿದ್ದರು. ತನ್ನ ಧಾರೆ ಸೀರೆಯ ಬಣ್ಣವನ್ನು ಅವಳು ನೋಡಿದ್ದು ಧಾರೆಯ ಬೆಳಿಗ್ಗೆಯೇ. ನಿನಗೆ ಹಿಡಿಸಿತಾ ಅಂದೆ. ಹಿಡಿಸಾದೇನು, ಉಡಿಸಿದರು ಅಂದಳು. ಆ ಸೀರೆ ಈಗೆಲ್ಲಿ ಎಂದು ಚಿಕ್ಕಪ್ಪನ ಮಗಳು ಕಣ್ಣರಳಿಸಿದಳು. ಹಳೆಯ ಸೀರೆಯನ್ನು ಹೊಸ ಡಿಸೈನಿಗೆ ಕತ್ತರಿಸುವ ಯೋಚನೆ ಅವಳದು. ಜರಿ ಕೊಳ್ಳುವವನು ಊರಿಗೆ ಬಂದಾಗ ಅಜ್ಜಿ ಅದನ್ನು ಕೊಟ್ಟುಬಿಟ್ಟಿದ್ದಳು. ಅವರು ಸೀರೆ ಸುಟ್ಟು ಜರಿಯಲ್ಲಿನ ಬೆಳ್ಳಿ ತೆಗೆದುಕೊಳ್ಳುತ್ತಾರೆ, ಬದಲಿಗೆ ಪಾತ್ರೆ ಕೊಡುತ್ತಾರೆ. ಅಜ್ಜಿಗೆ ಸ್ಟೀಲಿನ ಕೊಳಗ ಸಿಕ್ಕಿತ್ತು. ಅಯ್ಯೋ ಎಂದು ಹೆಂಗಸರೆಲ್ಲ ಉದ್ಗಾರ ತೆಗೆದರು. "ಏನ್ ಅಯ್ಯೋ? ಸೀರೆ ಒಂದಿನ ಉಟ್ಟಿದ್ದೆ. ಕೊಳಗದಲ್ಲಿ ದಿನಾ ನೀರು ಕಾಯಿಸ್ತಾ ಇವ್ನಿ."

ಆ ಮಾತು ನನಗೆ ಎಲ್ಲಿಲ್ಲದ ಧೈರ್ಯ ಕೊಟ್ಟಿತು. ಕೊನೆಗೆ ನಾಲ್ಕು ಸೀರೆ ಉಳಿದಿದ್ದವು. ಎಲ್ಲರೂ ನನ್ನ ಕಡೆ ತಿರುಗಿ, ನೀನೇ ಹೇಳವ್ವ, ಉಡೋಳು ನೀನು ತಾನೇ ಅಂದರು. ಇಂಥ ಹೊತ್ತಿನಲ್ಲಿ ಹೆಣ್ಣು ತಲೆ ತಗ್ಗಿಸಿ, ನೀವೇ ನೋಡಿ ಅನ್ನಬೇಕು ಎಂಬುದು ಸಂಪ್ರದಾಯ. ಆ ಭರವಸೆ ಇದ್ದದ್ದರಿಂದಲೇ ಕೇಳಿದ್ದು. ನಾನು ಸೇಲ್ಸ್‌ನವನನ್ನು ಕೇಳಿದೆ: "ಇದರಲ್ಲಿ ತೂಕ ಯಾವುದು ಕಮ್ಮಿ?"

ಅಂಗಡಿ ಗಪ್‌ಚಿಪ್ಪಾಯಿತು. ತೂಕ ಹೆಚ್ಚಿದಷ್ಟೂ ಸೀರೆ ದೊಡ್ಡದು ಎಂದು ಆವರೆಗೆ ಅವನು ಮಾರಿಕೊಂಡು ಬಂದಿದ್ದ. ಪ್ರತಿಯೊಂದನ್ನೂ ಅಂಗೈಯಲ್ಲಿ ಎತ್ತಿ ನೋಡಿ, ಬುಟ್ಟಾ ಕಡಿಮೆ ಇದ್ದ, ಅಂಚು ಕಿರಿದಾಗಿದ್ದ, ನಾಲ್ಕರಲ್ಲಿ ಬೆಲೆಯೂ ಕಡಿಮೆ ಇದ್ದ ಒಂದನ್ನು ಮುಂದಿಟ್ಟ. ಹಾಲುಬಣ್ಣ, ಕೆಂಪು ಅಂಚು. ಬೆಲೆ ಕಡಿಮೆಯೆಂದು ಅಮ್ಮನಿಗೆ ಅವಮಾನ. ಬೀಗರಿಗೆ ಇನ್ನೂ ಅವಮಾನವಾಗುತ್ತದೆ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಅತ್ತೆಯವರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ನಿಮಿಷ ಸುಮ್ಮನಿದ್ದು, "ನನ್ ಮದುವೇಲಿ ಆ ಜರಿ ಸೆರಗು ಹೊತ್ತು ಎರಡು ದಿನ ಭುಜ ಎತ್ತಕಾಗ್ನಿಲ್ಲ. ಯಾರಿಗೂ ಹೇಳ್ನಿಲ್ಲ. ಇದನ್ನೇ ಕಟ್ಟಪ್ಪ" ಅಂದರು. ಮದುವೆ ಬಗ್ಗೆ ನನಗಿದ್ದ ಅನುಮಾನಗಳಲ್ಲಿ ಅರ್ಧ ಹೋದದ್ದು ಅಲ್ಲಿ, ಆ ಬಿಳಿ ಹಾಸಿನ ಮೇಲೆ. ಹುಡುಗ ಅದೇ ಹೊತ್ತಿಗೆ ಕೆಳಗೆ ಪಾರ್ಕಿಂಗ್ ಹುಡುಕುತ್ತಿದ್ದನೆಂಬುದನ್ನೂ ದಾಖಲಿಸಬೇಕು.

ಇನ್ನು ರವಿಕೆಯ ಕತೆ. ಸೀರೆಯಲ್ಲಿ ಉಳಿಸಿದ ದುಡ್ಡನ್ನು ಟೈಲರು ವಸೂಲಿ ಮಾಡಿದಳು. ಈಗ ರವಿಕೆಯ ಬೆನ್ನಿಗೆ ಆರಿ ವರ್ಕ್ ಮಾಡಿಸದೇ ಮದುವೆಯಾಗುವುದು ಕಾನೂನಿಗೆ ವಿರುದ್ಧವೆಂದು ಕಾಣುತ್ತದೆ. ನವಿಲು ಬೇಕೋ, ಪಲ್ಲಕ್ಕಿ ಬೇಕೋ, ಗಂಡು ಹೆಣ್ಣಿನ ಚಿತ್ರವೇ ಬೇಕೋ ಎಂದು ಕೇಳಿದಳು. ನನ್ನ ಚಿತ್ರ ನನ್ನ ಬೆನ್ನ ಮೇಲೇಕೆ? ಏನೂ ಬೇಡವೆಂದು ಬಂದೆ, ಅಮ್ಮ ಹಿಂದಿನಿಂದ ಹೋಗಿ ನವಿಲು ಹೇಳಿ ಬಂದಿದ್ದಳು. ತೋಳಿಗೆ ಹಾಕಿದ ಮಣಿ ಧಾರೆಯ ಉದ್ದಕ್ಕೂ ಚುಚ್ಚಿತು, ಕಂಕುಳಲ್ಲಿ ಬಿಗಿಯಾಗಿ ಕೈ ಎತ್ತಲು ಬರಲಿಲ್ಲ. ಫೋಟೊಗಳಲ್ಲಿ ನನ್ನ ಮುಖ ಸಿಡುಕಾಗಿದೆ. ನೋಡಿದವರೆಲ್ಲ ಈಗಲೂ, ಎಷ್ಟು ನಾಚಿಕೊಂಡಿದ್ದೆ ಅನ್ನುತ್ತಾರೆ.

ಸೀರೆ ಮಾತ್ರ ಹಗುರ. ನಾನು ಅದನ್ನು ಉಟ್ಟದ್ದಕ್ಕಿಂತ ಬೇರೆಯವರು ಉಟ್ಟದ್ದೇ ಹೆಚ್ಚು: ಚಿಕ್ಕಪ್ಪನ ಮಗಳು ಮಾಸಲು ಬಣ್ಣದ ವ್ರತ ಬಿಟ್ಟು ತನ್ನ ನಿಶ್ಚಿತಾರ್ಥಕ್ಕೆ ಉಟ್ಟಳು, ನಾದಿನಿ ವರಮಹಾಲಕ್ಷ್ಮಿಗೆ ಉಟ್ಟಳು, ಕಾಲೇಜಿನ ಸಹೋದ್ಯೋಗಿಯೊಬ್ಬರು ತಮ್ಮ ರಿಜಿಸ್ಟರ್ ಮದುವೆಗೆ ಉಟ್ಟು ಬಂದರು. ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಯಾರಿಗಾದರೂ ಮದುಮಗಳಾಗಲು ಮನಸ್ಸಿಲ್ಲದೇ ಮದುವೆ ಗೊತ್ತಾಗಿದ್ದರೆ ಬಂದು ಒಯ್ಯಿರಿ, ಕೊಡುತ್ತೇನೆ. ಡ್ರೈಕ್ಲೀನ್ ಮಾಡಿಸಿ ವಾಪಸು ಕೊಟ್ಟರೆ ಸಾಕು. ರವಿಕೆ ಮಾತ್ರ ನಿಮ್ಮದೇ ಹೊಲಿಸಿಕೊಳ್ಳಿ, ಟೈಲರ ಹತ್ತಿರ ಅಮ್ಮನನ್ನು ಒಬ್ಬರನ್ನೇ ಕಳಿಸಬೇಡಿ.